ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಗೆಲ್ಲುವ ತಂಡ ಕಟ್ಟಿದ ಅಮೆರಿಕದ ಫುಟ್‌ಬಾಲ್ ಕೋಚ್‌ಗಳು: ಅವರನ್ನು ಅಳೆಯುವುದು ಹೇಗೆ?

ಬ್ಲೂಮಿಂಗ್ಟನ್ ಕನ್ನಡಿಗ:

2026ರ ಜನವರಿ 19ರಂದು ಇಂಡಿಯಾನಾ ವಿಶ್ವವಿದ್ಯಾಲಯದ ತಂಡವು ಮಯಾಮಿ ತಂಡವನ್ನು ಅದರ ಸ್ವಂತ ಅಂಗಳದಲ್ಲಿಯೇ 27-21ರಿಂದ ಸೋಲಿಸಿ, ಆಡಿದ ಹದಿನಾರು ಪಂದ್ಯಗಳನ್ನೂ ಗೆದ್ದು, ರಾಷ್ಟ್ರೀಯ ಚಾಂಪಿಯನ್ ಆಯಿತು. ಅಮೆರಿಕದ ಕಾಲೇಜು ಫುಟ್‌ಬಾಲನ್ನು (ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಬಲ್ಲವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಹೇಳಬೇಕಾಗಿಲ್ಲ. ಹೊಸಬರ ಅನುಕೂಲಕ್ಕಾಗಿ ಒಂದು ಮಾತು: ಆ ಸೀಸನ್ ಆರಂಭವಾದಾಗ ಉನ್ನತ ದರ್ಜೆಯ ತಂಡಗಳಲ್ಲೆಲ್ಲ ಇತಿಹಾಸದುದ್ದಕ್ಕೂ ಅತಿ ಹೆಚ್ಚು ಸೋಲುಗಳನ್ನು ಕಂಡ ತಂಡವೆಂದರೆ ಇಂಡಿಯಾನಾ. ಹದಿನಾರಕ್ಕೆ ಹದಿನಾರು ಗೆದ್ದ ತಂಡವನ್ನು ಹುಡುಕಬೇಕೆಂದರೆ 1894ರ ಯೇಲ್ ತಂಡದವರೆಗೆ ಹಿಂದಕ್ಕೆ ಹೋಗಬೇಕು.

ಕೋಚ್ ಕರ್ಟ್ ಸಿಗ್ನೆಟ್ಟಿ ಇಲ್ಲಿಗೆ ಬಂದದ್ದು 2023ರ ಕೊನೆಯಲ್ಲಿ. ಆ ವರ್ಷ ಇಂಡಿಯಾನಾ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಮರುವರ್ಷವೇ ಹನ್ನೊಂದು ಗೆಲುವು, ಎರಡು ಸೋಲು. ಅದಕ್ಕೆ ಮೊದಲು ಈ ವಿಶ್ವವಿದ್ಯಾಲಯ ಒಂದು ಸೀಸನ್ನಿನಲ್ಲಿ ಹತ್ತು ಪಂದ್ಯ ಗೆದ್ದದ್ದೇ ಇರಲಿಲ್ಲ. ಆದರೆ ನಾನು ಈ ಚರ್ಚೆಯನ್ನು ಆರಂಭಿಸುತ್ತಿರುವುದು ಇಂಡಿಯಾನಾದ ಗೆಲುವನ್ನು ಕೊಂಡಾಡುವುದಕ್ಕಲ್ಲ, ಸಿಗ್ನೆಟ್ಟಿ ಅವರು ನಡೆದು ಬಂದ ದಾರಿಯನ್ನು ನಿಮ್ಮ ಮುಂದಿಡುವುದಕ್ಕೆ. 2007ರಿಂದ 2010ರವರೆಗೆ ಅವರು ಅಲಬಾಮದಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಅವರ ಸಹಾಯಕರಾಗಿದ್ದರು. ಐವತ್ತರ ಹೊಸ್ತಿಲಲ್ಲಿ ಆ ಹುದ್ದೆಯನ್ನು ಬಿಟ್ಟು, ತಮ್ಮ ತಂದೆ ಹಿಂದೆ ಕೋಚ್ ಆಗಿದ್ದ ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಎಂಬ ಎರಡನೇ ದರ್ಜೆಯ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದರು. ಅಲ್ಲಿ ಆರು ಸೀಸನ್, ನಂತರ ನಾರ್ತ್ ಕೆರೊಲಿನಾದ ಈಲಾನ್, ನಂತರ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್, ಕೊನೆಗೆ ಇಂಡಿಯಾನಾ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್. ನಾಲ್ಕು ಕಡೆಗಳಲ್ಲಿಯೂ ಸೋಲುಗಳಿಗಿಂತ ಗೆಲುವುಗಳು ಹೆಚ್ಚು; ಯಾವ ಸೀಸನ್ನಿನಲ್ಲಿಯೂ ಅವರ ತಂಡದ ಲೆಕ್ಕ ಸೋಲಿನ ಕಡೆಗೆ ವಾಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಒಬ್ಬ ಕೋಚ್ ಒಂದೇ ಕಡೆ ಗೆದ್ದರೆ ಅದಕ್ಕೆ ಹಣ, ಊರು, ಹಳೆಯ ಹೆಸರು, ಒಬ್ಬ ಅಸಾಧಾರಣ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಕ್ರಮಣವನ್ನು ನಡೆಸುವ ಆಟಗಾರ) ಹೀಗೆ ನೂರು ಕಾರಣಗಳನ್ನು ಕೊಡಬಹುದು. ಎರಡನೆಯ, ಮೂರನೆಯ ಕಡೆಯಲ್ಲಿಯೂ ಅದೇ ನಡೆದರೆ ಆ ಕಾರಣಗಳೆಲ್ಲ ಒಂದೊಂದಾಗಿ ಕಳಚಿಬಿದ್ದು ಕೊನೆಗೆ ಕೋಚ್ ಒಬ್ಬನೇ ಉಳಿಯುತ್ತಾನೆ. ಆದ್ದರಿಂದ ಕಟ್ಟುವವನ ನಿಜವಾದ ಪರೀಕ್ಷೆ ಎರಡನೆಯ ಊರಿನಲ್ಲಿ ನಡೆಯುತ್ತದೆ ಎಂದು ನಾನು ನಂಬಿದ್ದೇನೆ. ಒಪ್ಪದವರು ದಯವಿಟ್ಟು ಕಾರಣ ಸಮೇತ ಬರೆಯಬೇಕು.

ಕೊಲಂಬಸ್‌ವಾಸಿ:

ಒಳ್ಳೆಯ ವಿಷಯ ಎತ್ತಿದ್ದೀರಿ. ನಿಮ್ಮ ಅಳತೆಗೋಲನ್ನೇ ಹಿಡಿದರೆ ಅರ್ಬನ್ ಮೇಯರ್ ಅವರ ಹೆಸರನ್ನು ಬಿಡುವಂತಿಲ್ಲ. ಓಹಾಯೋದ ಬೌಲಿಂಗ್ ಗ್ರೀನ್ ತಂಡ 2000ನೇ ವರ್ಷದಲ್ಲಿ ಎರಡು ಗೆದ್ದು ಒಂಬತ್ತು ಸೋತಿತ್ತು. ಮೇಯರ್ ಬಂದ 2001ರಲ್ಲಿ ಎಂಟು ಗೆದ್ದು ಮೂರು ಸೋತಿತು. ಅಲ್ಲಿ ಎರಡು ವರ್ಷವಿದ್ದು ಯೂಟಾಕ್ಕೆ ಹೋದರು. 2004ರಲ್ಲಿ ಯೂಟಾ ಹನ್ನೆರಡಕ್ಕೆ ಹನ್ನೆರಡು ಗೆದ್ದು, ಫಿಯೆಸ್ಟಾ ಬೌಲ್‌ನಲ್ಲಿ (ಬೌಲ್ ಎಂದರೆ ಸೀಸನ್ನಿನ ಕೊನೆಗೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ವಿಶೇಷ ಪಂದ್ಯ) ಪಿಟ್ಸ್‌ಬರ್ಗ್ ತಂಡವನ್ನು 35-7ರಿಂದ ಸೋಲಿಸಿತು. ದೊಡ್ಡ ಕಾನ್ಫರೆನ್ಸ್‌ಗಳಿಗೆ, ಅಂದರೆ ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುವ ವಿಶ್ವವಿದ್ಯಾಲಯಗಳ ಒಕ್ಕೂಟಗಳಿಗೆ, ಸೇರದ ತಂಡವೊಂದು ಅಂದಿನ ದೊಡ್ಡ ಬೌಲ್ ಪಂದ್ಯಗಳ ಬಾಗಿಲನ್ನು ತೆರೆಸಿದ್ದು ಅದೇ ಮೊದಲು. ಆ ತಂಡದ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಮರುವರ್ಷ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲನೆಯವರಾದರು. ನಂತರ ಫ್ಲಾರಿಡಾದಲ್ಲಿ 2006 ಮತ್ತು 2008ರ ಚಾಂಪಿಯನ್ ಪಟ್ಟ, ಓಹಾಯೋ ಸ್ಟೇಟ್‌ನಲ್ಲಿ 2014ರ ಪಟ್ಟ. ಓಹಾಯೋ ಸ್ಟೇಟ್‌ನಲ್ಲಿ ಏಳು ಸೀಸನ್‌ಗಳಲ್ಲಿ 83 ಗೆಲುವು, ಒಂಬತ್ತೇ ಸೋಲು.

ಅವರು ಮಾಡಿದ್ದನ್ನು ಬರಿಯ ಶಿಸ್ತು ಎಂದು ಹೇಳಿ ಮುಗಿಸುವುದು ಸರಿಯಲ್ಲ. ಸಣ್ಣ ವಿಶ್ವವಿದ್ಯಾಲಯಗಳಿಗೆ ದೈತ್ಯ ಮೈಕಟ್ಟಿನ ಲೈನ್‌ಮನ್‌ಗಳು (ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವರು) ಸಿಗುವುದಿಲ್ಲ. ಅಂಥವರನ್ನು ದೊಡ್ಡ ತಂಡಗಳು ಹೈಸ್ಕೂಲಿನಲ್ಲಿಯೇ ಕಾದಿರಿಸಿಕೊಂಡಿರುತ್ತವೆ. ಮೇಯರ್ ಅವರ ಸ್ಪ್ರೆಡ್ ಆಫೆನ್ಸ್ ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ, ಎದುರಾಳಿಯ ರಕ್ಷಣಾ ಪಂಕ್ತಿಯನ್ನು ತೆಳುವಾಗಿಸಿ, ಕ್ವಾರ್ಟರ್‌ಬ್ಯಾಕ್‌ನನ್ನೂ ಓಡುವ ಆಟಗಾರನನ್ನಾಗಿ ಮಾಡಿತು. ಅಂದರೆ ಮೈತೂಕದ ಕೊರತೆಯನ್ನು ಜಾಗ ಮತ್ತು ವೇಗದಿಂದ ತುಂಬಿಕೊಂಡಿತು. ಇಂಥ ಆಟ ಬೌಲಿಂಗ್ ಗ್ರೀನ್‌ನಂತಹ ಕಡೆ ಹುಟ್ಟುವುದು ಸಹಜ. ಅದನ್ನೇ ಫ್ಲಾರಿಡಾಕ್ಕೆ ಒಯ್ದು, ಅಲ್ಲಿ ಸಿಗುವ ಅತ್ಯುತ್ತಮ ಆಟಗಾರರ ಕೈಗಿತ್ತಾಗ ಏನಾಗುತ್ತದೆ ಎಂಬುದನ್ನು ಫ್ಲಾರಿಡಾ ಸೇರಿದ್ದ ಎಸ್‌ಇಸಿ ಕಾನ್ಫರೆನ್ಸ್ ಕಣ್ಣಾರೆ ಕಂಡಿತು.

ಆದರೂ ಗೆಲುವಿನ ಅಂಕಿಗಳನ್ನಷ್ಟೇ ಇಟ್ಟುಕೊಂಡು ಇವರನ್ನು ತೂಗಲು ನನಗೆ ಮನಸ್ಸಿಲ್ಲ. ಫ್ಲಾರಿಡಾದ ದಿನಗಳಲ್ಲಿ ಆಟಗಾರರ ಬಂಧನಗಳು ಮತ್ತೆ ಮತ್ತೆ ಸುದ್ದಿಯಾದವು. 2018ರಲ್ಲಿ, ಸಹಾಯಕ ಕೋಚ್ ಒಬ್ಬರ ಮೇಲಿದ್ದ ಕೌಟುಂಬಿಕ ಹಿಂಸೆಯ ಆರೋಪಗಳನ್ನು ನಿಭಾಯಿಸಿದ ರೀತಿಗಾಗಿ ಓಹಾಯೋ ಸ್ಟೇಟ್ ಅವರನ್ನು ಮೂರು ಪಂದ್ಯಗಳಿಗೆ ಅಮಾನತು ಮಾಡಿತು. ತಂಡ ಕಟ್ಟುವುದು ಎಂಬುದರಲ್ಲಿ ಹದಿನೆಂಟು ಇಪ್ಪತ್ತರ ಹುಡುಗರ ಬದುಕೂ ಸೇರಿದೆ ಎಂದು ಒಪ್ಪುವುದಾದರೆ ಈ ಲೆಕ್ಕವನ್ನೂ ಬರೆದಿಡಲೇಬೇಕು.

ಕನ್ಸಾಸ್ ಬಯಲು:

ಬ್ಲೂಮಿಂಗ್ಟನ್ ಕನ್ನಡಿಗರೇ, ನಿಮ್ಮ ಅಳತೆಗೋಲಿಗೆ ನನ್ನ ವಿರೋಧವಿದೆ. ಊರಿಂದೂರಿಗೆ ಹೋಗುವವನೇ ದೊಡ್ಡ ಕಟ್ಟುಗಾರ ಎಂದರೆ ಬಿಲ್ ಸ್ನೈಡರ್ ಅವರಿಗೆ ಆ ಪಂಕ್ತಿಯಲ್ಲಿ ಜಾಗವೇ ಇಲ್ಲದಂತಾಗುತ್ತದೆ.

ಕನ್ಸಾಸ್ ಸ್ಟೇಟ್ ತಂಡವು 1987 ಮತ್ತು 1988ರ ಎರಡೂ ಸೀಸನ್‌ಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಅದರ ಇಡೀ ಇತಿಹಾಸದಲ್ಲಿ ಅದುವರೆಗೆ ಆಡಿದ್ದ ಬೌಲ್ ಪಂದ್ಯ ಒಂದೇ, 1982ರದ್ದು. ಐನೂರು ಸೋಲುಗಳನ್ನು ಮುಟ್ಟಿದ ಮೊದಲ ತಂಡ ಎಂಬ ಹಣೆಪಟ್ಟಿಯೂ ಅದಕ್ಕಿತ್ತು. 1989ರಲ್ಲಿ ಸ್ನೈಡರ್ ಅಲ್ಲಿಗೆ ಬಂದು ಮೊದಲ ವರ್ಷ ಒಂದು ಗೆದ್ದು ಹತ್ತು ಸೋತರು. ಆದರೆ 1993ರಿಂದ 2003ರವರೆಗೆ ಹನ್ನೊಂದು ವರ್ಷ ಬಿಡದೆ ತಂಡ ಬೌಲ್ ಪಂದ್ಯ ಆಡಿತು. 1997ರಿಂದ 2000ದವರೆಗೆ ನಾಲ್ಕು ಸೀಸನ್‌ಗಳಲ್ಲಿಯೂ ಹನ್ನೊಂದು ಹನ್ನೊಂದು ಗೆಲುವು. 1998ರಲ್ಲಿ ಒಂದೂ ಸೋಲದೆ ಬಿಗ್ 12 ಕಾನ್ಫರೆನ್ಸಿನ ಅಂತಿಮ ಪಂದ್ಯಕ್ಕೆ ಹೋಗಿ, ಎರಡು ಓವರ್‌ಟೈಮ್‌ಗಳ ಬಳಿಕ ಟೆಕ್ಸಸ್ ಎ ಆ್ಯಂಡ್ ಎಂ ತಂಡಕ್ಕೆ 36-33ರಿಂದ ಸೋತರು. ರಾಷ್ಟ್ರೀಯ ಪಟ್ಟದ ಹೊಸ್ತಿಲಿನಲ್ಲಿ ಕೈತಪ್ಪಿದ ಆ ಪಂದ್ಯವನ್ನು ಈ ಭಾಗದ ಜನ ಇಂದಿಗೂ ಮರೆತಿಲ್ಲ.

ಅವರ ರೀತಿ ನೋಡಿ. ಕನ್ಸಾಸಿನ ಮ್ಯಾನ್‌ಹಟನ್ ಎಂಬ ಸಣ್ಣ ಊರಿಗೆ ದೇಶದ ಹೆಸರಾಂತ ಹೈಸ್ಕೂಲ್ ಆಟಗಾರರು ಬರುವುದಿಲ್ಲ ಎಂಬುದನ್ನು ಅವರು ಮೊದಲ ದಿನವೇ ಒಪ್ಪಿಕೊಂಡರು. ಎರಡು ವರ್ಷದ ಜೂನಿಯರ್ ಕಾಲೇಜುಗಳಲ್ಲಿ ಆಡಿ ಪಳಗಿದ, ಬೇರೆಯವರು ಕಡೆಗಣಿಸಿದ ಆಟಗಾರರನ್ನು ಹುಡುಕಿ ತಂದರು. ವಿದ್ಯಾರ್ಥಿವೇತನವಿಲ್ಲದೆ ತಾವಾಗಿ ಬಂದು ಸೇರುವ ವಾಕ್-ಆನ್ ಹುಡುಗರನ್ನು ವರ್ಷಗಟ್ಟಲೆ ತಿದ್ದಿ ತೀಡಿದರು. ಕಾನ್ಫರೆನ್ಸಿನ ಆಚೆಗಿನ ಪಂದ್ಯಗಳಿಗೆ ದುರ್ಬಲ ಎದುರಾಳಿಗಳನ್ನು ಆರಿಸಿದರು. ಇದಕ್ಕಾಗಿ ಅವರನ್ನು ಟೀಕಿಸಿದವರು ಬಹಳ ಜನ. ಆದರೆ ಸೋತು ಸೋತು ಗೆಲ್ಲುವುದು ಹೇಗೆಂಬುದನ್ನೇ ಮರೆತ ತಂಡಕ್ಕೆ ಮೊದಲು ಬೇಕಾದದ್ದು ಗೆಲುವಿನ ಅಭ್ಯಾಸ ಎಂಬುದು ಅವರ ಲೆಕ್ಕಾಚಾರವಾಗಿತ್ತು, ಮತ್ತು ಅದು ಸರಿಯಾದ ಲೆಕ್ಕಾಚಾರವೇ ಆಗಿತ್ತು.

2005ರಲ್ಲಿ ಅವರು ನಿವೃತ್ತರಾದಾಗ ಏನಾಯಿತು? ಮುಂದಿನ ಕೋಚ್ ಮೂರು ವರ್ಷಗಳಲ್ಲಿ 17 ಗೆದ್ದು 20 ಸೋತರು. 2009ರಲ್ಲಿ, ಎಪ್ಪತ್ತರ ಹತ್ತಿರ ಬಂದಿದ್ದ ಸ್ನೈಡರ್ ಅವರನ್ನು ಮತ್ತೆ ಕರೆತಂದರು. 2012ರಲ್ಲಿ ತಂಡ ಮತ್ತೆ ಬಿಗ್ 12 ಚಾಂಪಿಯನ್. ನಿಮ್ಮ ಎರಡನೆಯ ಊರಿನ ಪರೀಕ್ಷೆಯನ್ನು ಈ ಮನುಷ್ಯ ಒಂದೇ ಊರಿನಲ್ಲಿ ಎರಡು ಸಲ ಬರೆದು ಎರಡು ಸಲವೂ ಉತ್ತೀರ್ಣರಾದರು ಎನ್ನಬಾರದೇಕೆ?

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಸ್ನೈಡರ್ ಬಂದದ್ದು ಅಯೋವಾದಿಂದ, ಹೇಡನ್ ಫ್ರೈ ಅವರ ಗರಡಿಯಿಂದ. ಫ್ರೈ ಅವರೇ ಮೂರು ಕಡೆ ಕೆಲಸ ಮಾಡಿದವರು: ಡಲ್ಲಾಸಿನ ಎಸ್‌ಎಂಯು, ನಂತರ ನಾರ್ತ್ ಟೆಕ್ಸಸ್, 1979ರಿಂದ ಅಯೋವಾ. 1961ರ ಬಳಿಕ ಅಯೋವಾದಲ್ಲಿ ಗೆಲುವುಗಳು ಸೋಲುಗಳನ್ನು ಮೀರಿದ ಸೀಸನ್ ಒಂದೂ ಇರಲಿಲ್ಲ. 1981ರಲ್ಲಿ ಫ್ರೈ ತಂಡವನ್ನು ರೋಸ್ ಬೌಲ್‌ಗೆ ಕೊಂಡೊಯ್ದರು. ಅವರ ಸಹಾಯಕರಾಗಿ ಪಳಗಿದವರಲ್ಲಿ ಸ್ನೈಡರ್ ಅಲ್ಲದೆ, ವಿಸ್ಕಾನ್ಸಿನ್ ತಂಡವನ್ನು ಮೇಲೆತ್ತಿದ ಬ್ಯಾರಿ ಆಲ್ವರೆಜ್ ಮತ್ತು 1999ರಿಂದ ಅಯೋವಾವನ್ನು ನಡೆಸುತ್ತಿರುವ ಕರ್ಕ್ ಫೆರೆಂಟ್ಸ್ ಇದ್ದಾರೆ. ಫ್ರೈ ಅವರ ಬಳಿ ಆಡಿ, ಅಲ್ಲಿಯೇ ಕೋಚಿಂಗ್ ಆರಂಭಿಸಿದ ಬಾಬ್ ಸ್ಟೂಪ್ಸ್ 2000ದಲ್ಲಿ ಒಕ್ಲಹೋಮಾಕ್ಕೆ ರಾಷ್ಟ್ರೀಯ ಪಟ್ಟ ತಂದರು. ಒಬ್ಬರು ತಾವೇ ನಾಲ್ಕು ಕಡೆ ಹೋಗುವುದಕ್ಕಿಂತ ತಾವು ತಯಾರಿಸಿದವರನ್ನು ನಾಲ್ಕು ಕಡೆ ಕಳುಹಿಸುವುದು ಕಡಿಮೆ ಸಾಧನೆಯೇನಲ್ಲ.

ಹೊಸ ಓದುಗ, ಮೈಸೂರು:

ತಮ್ಮೆಲ್ಲರ ಬರಹಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನನ್ನ ಮಗಳು ಮಿಚಿಗನ್‌ನಲ್ಲಿ ಎಂಎಸ್ ಓದಲು ಹೋದಂದಿನಿಂದ ಈ ಆಟದ ಪರಿಚಯವಾಗಿದೆ. ನನ್ನವು ಎರಡು ಪ್ರಶ್ನೆಗಳು. ವಿದ್ಯಾರ್ಥಿಗಳು ನಾಲ್ಕು ವರ್ಷ ಇರುವವರಾದರೆ, ಒಬ್ಬ ಕೋಚ್ ಬಂದ ಒಂದೇ ವರ್ಷದಲ್ಲಿ ಮೂರು ಗೆಲುವಿನ ತಂಡ ಹನ್ನೊಂದು ಗೆಲುವಿನ ತಂಡವಾಗುವುದು ಹೇಗೆ ಸಾಧ್ಯ? ಎರಡನೆಯದಾಗಿ, ಸರ್ಕಾರಿ ವಿಶ್ವವಿದ್ಯಾಲಯವೊಂದು ಕೋಚ್‌ಗೆ ಕುಲಪತಿಗಿಂತ ಹಲವು ಪಟ್ಟು ಸಂಬಳ ಕೊಡುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ?

ಬ್ಲೂಮಿಂಗ್ಟನ್ ಕನ್ನಡಿಗ:

ಮೈಸೂರಿನ ಓದುಗರಿಗೆ ಸ್ವಾಗತ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ನಿಜ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ಎಲ್ಲರಿಗಿಂತ ಮೇಲಿರುವುದು ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಸಿಗ್ನೆಟ್ಟಿ ಅವರಿಗೆ 2025ರ ಅಕ್ಟೋಬರಿನಲ್ಲಿ ಆದ ಒಪ್ಪಂದವು ವರ್ಷಕ್ಕೆ 1.1 ಕೋಟಿ ಡಾಲರುಗಳಿಗೂ ಮಿಗಿಲಾದದ್ದು. ಇದರಲ್ಲಿ ಬಹುಪಾಲು ಬರುವುದು ಟಿವಿ ಹಕ್ಕು, ಟಿಕೆಟ್ ಮತ್ತು ದಾನಿಗಳ ಹಣದಿಂದ.

ಮೊದಲನೆಯ ಪ್ರಶ್ನೆಯೇ ಈ ಚರ್ಚೆಯ ತಿರುಳು. ಹಿಂದೆ ಕೋಚ್ ಬದಲಾದರೂ ಆಟಗಾರರು ಬದಲಾಗುತ್ತಿರಲಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಾಗಿತ್ತು. ಆದ್ದರಿಂದ ಹೊಸ ಕೋಚ್ ತನಗೆ ಬೇಕಾದ ಹೈಸ್ಕೂಲ್ ಹುಡುಗರನ್ನು ತಂದು, ಅವರು ಮೂರನೇ ನಾಲ್ಕನೇ ವರ್ಷಕ್ಕೆ ಬರುವವರೆಗೆ ಕಾಯಬೇಕಿತ್ತು. ಸ್ನೈಡರ್ ಅವರಿಗೆ ನಾಲ್ಕೈದು ವರ್ಷ ಹಿಡಿದದ್ದು ಇದೇ ಕಾರಣಕ್ಕೆ. 2018ರ ಅಕ್ಟೋಬರಿನಲ್ಲಿ ವರ್ಗವಾಗಬಯಸುವ ಆಟಗಾರರ ಹೆಸರುಗಳನ್ನು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆರಂಭವಾಯಿತು. 2021ರಲ್ಲಿ ಒಂದು ಸಲ ವರ್ಗವಾದವರು ಕೂಡಲೇ ಆಡಬಹುದು ಎಂಬ ನಿಯಮ ಬಂತು, 2024ರಲ್ಲಿ ಒಂದೇ ಸಲ ಎಂಬ ಮಿತಿಯೂ ಹೋಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಜನಪ್ರಿಯತೆಯಿಂದ ಹಣ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ಕ್ರೀಡಾಪಟುಗಳಿಗೆ ನೇರವಾಗಿ, ಮೊದಲ ವರ್ಷ ಒಟ್ಟು ಸುಮಾರು 2.05 ಕೋಟಿ ಡಾಲರುಗಳವರೆಗೆ, ಕೊಡಬಹುದು.

ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ತಮ್ಮೊಡನೆ ಇಂಡಿಯಾನಾಕ್ಕೆ ಕರೆತಂದರು. 2025ರ ಕ್ವಾರ್ಟರ್‌ಬ್ಯಾಕ್, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ ಫರ್ನಾಂಡೊ ಮೆಂಡೋಜಾ, ಬರ್ಕ್ಲಿಯಿಂದ ವರ್ಗವಾಗಿ ಬಂದವರು. ಇದನ್ನು ಕೇಳಿ, ಹಾಗಾದರೆ ಹಣವಿದ್ದರೆ ಯಾರು ಬೇಕಾದರೂ ಕಟ್ಟಬಹುದಲ್ಲ ಎಂದು ತಾವು ಕೇಳಬಹುದು. ಪೋರ್ಟಲ್ ಎಲ್ಲರಿಗೂ ತೆರೆದಿದೆ, ಇಂಡಿಯಾನಾಕ್ಕಿಂತ ಹೆಚ್ಚು ಹಣವುಳ್ಳ ತಂಡಗಳು ಹಲವಿವೆ; ಅವು ಯಾವುವೂ ಹದಿನಾರಕ್ಕೆ ಹದಿನಾರು ಗೆಲ್ಲಲಿಲ್ಲ. ಯಾರನ್ನು ಆರಿಸಬೇಕು ಎಂಬ ಕಣ್ಣು ಹಣಕ್ಕೆ ಬರುವುದಿಲ್ಲ. ಹೈಸ್ಕೂಲಿನಲ್ಲಿ ಯಾರಿಗೆ ಎಷ್ಟು ನಕ್ಷತ್ರದ ಶ್ರೇಯಾಂಕ ಸಿಕ್ಕಿತ್ತು ಎಂಬುದನ್ನು ಬದಿಗಿಟ್ಟು, ಕಾಲೇಜಿನಲ್ಲಿ ಈಗಾಗಲೇ ಆಡಿ ತೋರಿಸಿದವರನ್ನು ಆರಿಸುವುದು ಸಿಗ್ನೆಟ್ಟಿ ಅವರ ಪದ್ಧತಿ. ಅಲಬಾಮದಲ್ಲಿ ಆಟಗಾರರ ನೇಮಕಾತಿಯ ಹೊಣೆ ಹೊತ್ತಿದ್ದವರಿಗೆ ಆ ಕಣ್ಣು ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಟಸ್ಕಲೂಸಾ:

ಸೇಬನ್ ಅವರ ಹೆಸರು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ಅವರನ್ನು ಅಲಬಾಮದ ಕೋಚ್ ಎಂದಷ್ಟೇ ನೆನೆಯುವುದು ರೂಢಿ. ಆದರೆ 1990ರಲ್ಲಿ ಟೊಲೀಡೋದಲ್ಲಿ ಇದ್ದ ಒಂದೇ ವರ್ಷದಲ್ಲಿ ಅವರು ಒಂಬತ್ತು ಗೆದ್ದು ಎರಡು ಸೋತರು. 1995ರಿಂದ ಐದು ವರ್ಷ ಮಿಚಿಗನ್ ಸ್ಟೇಟ್‌ನಲ್ಲಿ ಇದ್ದರು. ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) 1999ರಲ್ಲಿ ಎಂಟು ಪಂದ್ಯ ಸೋತಿತ್ತು. ಸೇಬನ್ ಬಂದ ಎರಡನೇ ವರ್ಷಕ್ಕೆ ಅದು ಎಸ್‌ಇಸಿ ಚಾಂಪಿಯನ್, ನಾಲ್ಕನೇ ವರ್ಷಕ್ಕೆ, ಅಂದರೆ 2003ರಲ್ಲಿ, 1958ರ ನಂತರದ ಮೊದಲ ರಾಷ್ಟ್ರೀಯ ಪಟ್ಟ. ಅಲಬಾಮದ ಮೊದಲ ವರ್ಷ 2007ರಲ್ಲಿ ಲೂಸಿಯಾನಾ-ಮನ್ರೋ ಎಂಬ ಸಣ್ಣ ತಂಡದೆದುರು ಮನೆಯಂಗಳದಲ್ಲಿಯೇ ಸೋತರು. ಮುಂದೆ ಆರು ಪಟ್ಟಗಳು ಬಂದದ್ದು ಎಲ್ಲರಿಗೂ ಗೊತ್ತು.

ಅವರ ವಿಚಾರದ ಮೂಲ ಮಿಚಿಗನ್ ಸ್ಟೇಟ್‌ನಲ್ಲಿದೆ. 1998ರಲ್ಲಿ ದೇಶದ ಮೊದಲ ಸ್ಥಾನದಲ್ಲಿದ್ದ ಓಹಾಯೋ ಸ್ಟೇಟ್ ತಂಡವನ್ನು ಎದುರಿಸುವ ಮುನ್ನ, ಅಲ್ಲಿನ ಮನೋವೈದ್ಯ ಲಯೊನೆಲ್ ರೋಸನ್ ಅವರ ಸಲಹೆಯಂತೆ, ಸ್ಕೋರ್‌ಬೋರ್ಡನ್ನು ಮರೆತು ಮುಂದಿನ ಒಂದು ಪ್ಲೇಯನ್ನು (ಆಟದ ಒಂದು ತುಣುಕನ್ನು) ಮಾತ್ರ ನೋಡಿ ಎಂದು ಆಟಗಾರರಿಗೆ ಹೇಳಿದರು. ತಂಡ 28-24ರಿಂದ ಗೆದ್ದಿತು. ಪ್ರೊಸೆಸ್ ಎಂದು ಮುಂದೆ ಪ್ರಸಿದ್ಧವಾದದ್ದು ಇದೇ. ಆದರೆ ನಾನು ಅದಕ್ಕಿಂತ ಹೆಚ್ಚು ಬೆಲೆ ಕೊಡುವುದು ಅವರು ತಮ್ಮ ನಂಬಿಕೆಯನ್ನೇ ಬದಲಿಸಿಕೊಂಡದ್ದಕ್ಕೆ. ವಿರಾಮವಿಲ್ಲದೆ ಒಂದರ ಹಿಂದೊಂದು ಪ್ಲೇ ನಡೆಸುವ ವೇಗದ ಆಟವನ್ನು ಬಹಿರಂಗವಾಗಿ ವಿರೋಧಿಸಿದ್ದವರು ಅವರು. ಆ ಆಟದೆದುರು ತಮ್ಮ ರಕ್ಷಣಾ ಪದ್ಧತಿ ಸಾಲದು ಎಂದು ಕಂಡಾಗ, 2014ರಲ್ಲಿ ಲೇನ್ ಕಿಫಿನ್ ಅವರನ್ನು ಕರೆಸಿ ಆಕ್ರಮಣದ ಹೊಣೆಯನ್ನು ಒಪ್ಪಿಸಿ, ಅದೇ ಆಟವನ್ನು ತಮ್ಮದಾಗಿಸಿಕೊಂಡರು.

ಇಲ್ಲಿ ನಾಲ್ಕು ಕಡೆ ಕೋಚ್ ಆಗಿದ್ದ ಬೇರ್ ಬ್ರೈಂಟ್ ಅವರನ್ನೂ ಸ್ಮರಿಸಬೇಕು: ಮೇರಿಲ್ಯಾಂಡ್, ಕೆಂಟಕಿ, ಟೆಕ್ಸಸ್ ಎ ಆ್ಯಂಡ್ ಎಂ, ಅಲಬಾಮ. ಟೆಕ್ಸಸ್ ಎ ಆ್ಯಂಡ್ ಎಂನಲ್ಲಿ 1954ರಲ್ಲಿ ಒಂದು ಗೆದ್ದು ಒಂಬತ್ತು ಸೋತ ತಂಡ, 1956ರಲ್ಲಿ ಒಂದೂ ಸೋಲದೆ ಕಾನ್ಫರೆನ್ಸ್ ಗೆದ್ದಿತು. ಈ ಕಥೆ ಹೇಳುವವರು 1954ರ ಜಂಕ್ಷನ್ ಶಿಬಿರವನ್ನು ಹೆಮ್ಮೆಯಿಂದ ವರ್ಣಿಸುತ್ತಾರೆ. ಬರಗಾಲದ ಬಿಸಿಲಿನಲ್ಲಿ ಅಭ್ಯಾಸದ ಹೊತ್ತಿಗೆ ನೀರು ಕೊಡದೆ ಹತ್ತು ದಿನ ದುಡಿಸಿದ ಆ ಶಿಬಿರದಿಂದ ಹೆಚ್ಚಿನ ಹುಡುಗರು ಓಡಿಹೋದರು. ಅದನ್ನು ನಾನು ತಂಡ ಕಟ್ಟಿದ ರೀತಿ ಎಂದು ಒಪ್ಪುವುದಿಲ್ಲ. ಅದೇ ವರ್ಷ ಆ ತಂಡ ಒಂಬತ್ತು ಪಂದ್ಯ ಸೋತಿತು ಎಂಬುದನ್ನು ಮರೆಯಬಾರದು. ಗೆಲುವು ಬಂದದ್ದು ಎರಡು ವರ್ಷಗಳ ಬಳಿಕ, ಬೇರೆ ಬೇರೆ ಕಾರಣಗಳಿಂದ.

ಕನ್ಸಾಸ್ ಬಯಲು ಅವರು ಫ್ರೈ ಅವರನ್ನು ನೆನೆದದ್ದು ಸಮಯೋಚಿತ. ಫ್ರೈ 1965ರಲ್ಲಿ ಜೆರಿ ಲೆವೈಯಸ್ ಅವರನ್ನು ಎಸ್‌ಎಂಯುಗೆ ಸೇರಿಸಿಕೊಂಡರು. ಸೌತ್‌ವೆಸ್ಟ್ ಕಾನ್ಫರೆನ್ಸಿನಲ್ಲಿ ಫುಟ್‌ಬಾಲ್ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ಆಟಗಾರ ಅವರು. ಬ್ರೈಂಟ್ ಅವರ ಅಲಬಾಮ ಕಪ್ಪು ಆಟಗಾರರಿಗೆ ಬಾಗಿಲು ತೆರೆದದ್ದು ಅದಾದ ನಾಲ್ಕೈದು ವರ್ಷಗಳ ಮೇಲೆ. ಬಲಹೀನ ತಂಡ ಕಟ್ಟುತ್ತಿದ್ದವರು ಮೊದಲು ಇಟ್ಟ ಹೆಜ್ಜೆಯನ್ನು ಬಲಿಷ್ಠ ತಂಡದವರು ಆಮೇಲೆ ಇಟ್ಟರು.

ತುಂಗಾತೀರ:

ಎಲ್ಲರೂ ಕೋಚ್ ಒಬ್ಬರ ಹೆಸರನ್ನೇ ಹೇಳುತ್ತಿದ್ದೀರಿ. ಅವರ ಜೊತೆಗೆ ಪಯಣಿಸುವ ಸಹಾಯಕರ ಬಳಗವನ್ನು ಯಾರೂ ಎತ್ತಲಿಲ್ಲ. ಲ್ಯಾನ್ಸ್ ಲೈಪೋಲ್ಡ್ ಅವರನ್ನು ನೋಡಿ. ವಿದ್ಯಾರ್ಥಿವೇತನವೇ ಇಲ್ಲದ ಮೂರನೇ ದರ್ಜೆಯ ವಿಸ್ಕಾನ್ಸಿನ್-ವೈಟ್‌ವಾಟರ್‌ನಲ್ಲಿ ಎಂಟು ವರ್ಷಗಳಲ್ಲಿ 109 ಗೆದ್ದು ಆರೇ ಪಂದ್ಯ ಸೋತು, ಆರು ರಾಷ್ಟ್ರೀಯ ಪಟ್ಟ ಗೆದ್ದರು. ಅಲ್ಲಿಂದ ಬಫಲೋ, 2021ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯ. ಮೊದಲ ಸೀಸನ್ನಿನಲ್ಲಿ ಹತ್ತು ಸೋಲುಗಳ ನಡುವೆಯೂ ಟೆಕ್ಸಸ್ ತಂಡವನ್ನು ಆಸ್ಟಿನ್‌ನಲ್ಲಿಯೇ 57-56ರಿಂದ ಸೋಲಿಸಿದರು. 2022ರಲ್ಲಿ ಕನ್ಸಾಸ್ 2008ರ ನಂತರದ ಮೊದಲ ಬೌಲ್ ಪಂದ್ಯ ಆಡಿತು, 2023ರಲ್ಲಿ ಒಂಬತ್ತು ಗೆದ್ದಿತು. ವೈಟ್‌ವಾಟರ್‌ನಿಂದ ಬಫಲೋಗೂ ಅಲ್ಲಿಂದ ಕನ್ಸಾಸ್‌ಗೂ ಅವರ ಸಹಾಯಕರಲ್ಲಿ ಹಲವರು ಅವರ ಜೊತೆಯಲ್ಲಿಯೇ ಬಂದರು. ಸಿಗ್ನೆಟ್ಟಿ ಅವರ ಆಕ್ರಮಣದ ಮುಖ್ಯಸ್ಥ ಮೈಕ್ ಶ್ಯಾನಹನ್, ರಕ್ಷಣೆಯ ಮುಖ್ಯಸ್ಥ ಬ್ರಯಂಟ್ ಹೇನ್ಸ್ ಇಬ್ಬರೂ ಜೇಮ್ಸ್ ಮ್ಯಾಡಿಸನ್‌ನಲ್ಲಿ ಅವರೊಡನೆ ಇದ್ದವರೇ.

ಹೊಸ ಊರಿಗೆ ಬಂದ ಮೊದಲ ದಿನ ಆಟಗಾರರು ಅಪರಿಚಿತರಾಗಿರುತ್ತಾರೆ, ಆಡಳಿತ ಅಪರಿಚಿತವಾಗಿರುತ್ತದೆ. ಸಹಾಯಕರೂ ಅಪರಿಚಿತರಾದರೆ ಅಭ್ಯಾಸ ಹೇಗೆ ನಡೆಯಬೇಕು, ಯಾವ ತಪ್ಪನ್ನು ಯಾವ ಮಾತಿನಲ್ಲಿ ತಿದ್ದಬೇಕು ಎಂಬುದನ್ನು ಅವರಿಗೇ ಕಲಿಸುವುದರಲ್ಲಿ ಒಂದು ವರ್ಷ ಕಳೆದುಹೋಗುತ್ತದೆ. ಬಳಗವೇ ಜೊತೆಗೆ ಬಂದರೆ ಆ ವರ್ಷ ಉಳಿಯುತ್ತದೆ. ಮೇಳದ ಭಾಗವತರ ಹಿಂದೆ ಮದ್ದಳೆ ಚೆಂಡೆಯವರೂ ಬಂದರೆ ಊರು ಹೊಸದಾದರೂ ಆಟ ಕೂಡಲೇ ಏರುವಂತೆ.

ಇದೇ ಕೋಚ್‌ಗಳು ಎನ್‌ಎಫ್‌ಎಲ್‌ಗೆ ಹೋದಾಗ ಸೋಲುವುದೇಕೆ ಎಂಬುದಕ್ಕೂ ಇಲ್ಲಿ ಸ್ವಲ್ಪ ಉತ್ತರವಿದೆ. ಸೇಬನ್ ಮಯಾಮಿ ಡಾಲ್ಫಿನ್ಸ್‌ನಲ್ಲಿ 15 ಗೆದ್ದು 17 ಸೋತರು. ಫ್ಲಾರಿಡಾವನ್ನು ಮೇಲೆತ್ತಿದ ಸ್ಟೀವ್ ಸ್ಪರಿಯರ್ ವಾಷಿಂಗ್ಟನ್‌ನಲ್ಲಿ 12 ಗೆದ್ದು 20 ಸೋತರು. ಆರು ಬೇರೆ ಬೇರೆ ವಿಶ್ವವಿದ್ಯಾಲಯಗಳನ್ನು ಬೌಲ್ ಪಂದ್ಯಗಳಿಗೆ ಕೊಂಡೊಯ್ದ ಲೂ ಹೋಲ್ಟ್ಸ್ ನ್ಯೂಯಾರ್ಕ್ ಜೆಟ್ಸ್‌ನಲ್ಲಿ ಮೂರು ಗೆದ್ದು ಹತ್ತು ಸೋತರು. ಕಾಲೇಜಿನಲ್ಲಿ ಆಟಗಾರರನ್ನು ಆರಿಸುವವನು ಕೋಚ್. ಎನ್‌ಎಫ್‌ಎಲ್‌ನಲ್ಲಿ ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತದೆ, ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿಯಿದೆ. ಆರಿಸುವ ಕಣ್ಣಿನಿಂದ ಗೆದ್ದವರಿಗೆ ಅಲ್ಲಿ ಆ ಕಣ್ಣಿನ ಬಳಕೆ ಕಡಿಮೆ. ಸ್ಟ್ಯಾನ್‌ಫರ್ಡ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಲ್ಲಿಯೂ ಗೆದ್ದ ಜಿಮ್ ಹಾರ್ಬಾ ಇದಕ್ಕೆ ಅಪವಾದ.

ಕನ್ಸಾಸ್ ಬಯಲು:

ತುಂಗಾತೀರ ಅವರ ಮಾತು ನನ್ನ ಆಕ್ಷೇಪವನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಕೋಚ್ ಬಳಗವನ್ನೂ ಆಟಗಾರರನ್ನೂ ಕರೆದುಕೊಂಡು ಹೋದರೆ, ಬಿಟ್ಟುಹೋದ ಊರಿನಲ್ಲಿ ಏನು ಉಳಿಯುತ್ತದೆ? ಬ್ಲೂಮಿಂಗ್ಟನ್ ಕನ್ನಡಿಗರು ಎರಡನೆಯ ಊರನ್ನು ನೋಡಿ ಎನ್ನುತ್ತಾರೆ. ನಾನು ಮೊದಲನೆಯ ಊರನ್ನು ತಿರುಗಿ ನೋಡಿ ಎನ್ನುತ್ತೇನೆ.

ಹಾಗೆ ನೋಡಿದಾಗ ಕೆಲವೆಡೆ ಕೋಚ್‌ಗಿಂತ ಸಂಸ್ಥೆಯೇ ದೊಡ್ಡ ಕಟ್ಟುಗಾರ ಎಂದು ತಿಳಿಯುತ್ತದೆ. ಬೋಯ್ಸಿ ಸ್ಟೇಟ್‌ನಲ್ಲಿ ಡರ್ಕ್ ಕೆಟ್ಟರ್ ಗೆದ್ದರು, ಅವರು ಹೋದ ಮೇಲೆ ಡ್ಯಾನ್ ಹಾಕಿನ್ಸ್ 53 ಗೆದ್ದು 11 ಸೋತರು, ಅವರೂ ಹೋದ ಮೇಲೆ ಕ್ರಿಸ್ ಪೀಟರ್‌ಸನ್ 92 ಗೆದ್ದು 12 ಸೋತರು. ಅದೇ ಹಾಕಿನ್ಸ್ ಕೊಲೊರಾಡೋಗೆ ಹೋಗಿ 19 ಗೆದ್ದು 39 ಸೋತರು. ಬೋಯ್ಸಿಯಲ್ಲಿ ಗೆದ್ದದ್ದು ಹಾಕಿನ್ಸ್ ಅವರೋ ಬೋಯ್ಸಿಯೋ? ಜೇಮ್ಸ್ ಮ್ಯಾಡಿಸನ್ ಕೂಡ ಹಾಗೆಯೇ. 2004 ಮತ್ತು 2016ರಲ್ಲಿ ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ ಅದು ತನ್ನ ದರ್ಜೆಯ ರಾಷ್ಟ್ರೀಯ ಪಟ್ಟ ಗೆದ್ದಿತ್ತು. ಸಿಗ್ನೆಟ್ಟಿ ಅಷ್ಟೊಂದು ಆಟಗಾರರನ್ನು ಕರೆದೊಯ್ದ ಎರಡನೇ ವರ್ಷವೇ, 2025ರಲ್ಲಿ, ಬಾಬ್ ಚೆಸ್ನಿ ಅವರ ಕೈಕೆಳಗೆ ಅದು ರಾಷ್ಟ್ರೀಯ ಪಟ್ಟವನ್ನು ನಿರ್ಧರಿಸುವ ಹನ್ನೆರಡು ತಂಡಗಳ ಪ್ಲೇಆಫ್‌ಗೆ ತಲುಪಿತು. ಅದೇ ವರ್ಷ ಲೇನ್ ಕಿಫಿನ್ ಹನ್ನೊಂದು ಗೆದ್ದು ಒಂದೇ ಸೋತಿದ್ದ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡವನ್ನು ಪ್ಲೇಆಫ್ ಆರಂಭಕ್ಕೆ ಮುಂಚೆಯೇ ಬಿಟ್ಟು ಎಲ್‌ಎಸ್‌ಯುಗೆ ಹೋದರು. ಅವರಿಲ್ಲದ ಓಲ್ ಮಿಸ್, ಪೀಟ್ ಗೋಲ್ಡಿಂಗ್ ಅವರ ನೇತೃತ್ವದಲ್ಲಿ ಟುಲೇನ್ ಮತ್ತು ಜಾರ್ಜಿಯಾ ತಂಡಗಳನ್ನು ಸೋಲಿಸಿ ಸೆಮಿಫೈನಲ್‌ವರೆಗೆ ಹೋಯಿತು. ಹುಡುಗರು ತೋರಿದ ಆ ಸ್ಥೈರ್ಯ ನನಗೆ ಆ ವರ್ಷದ ಎಷ್ಟೋ ಗೆಲುವುಗಳಿಗಿಂತ ದೊಡ್ಡದಾಗಿ ಕಂಡಿತು.

ಬ್ಲೂಮಿಂಗ್ಟನ್ ಕನ್ನಡಿಗ:

ನಿಮ್ಮ ಆಕ್ಷೇಪಕ್ಕೆ ನನ್ನ ಉತ್ತರ ಇಂಡಿಯಾನಾದ ಇತಿಹಾಸದಲ್ಲಿಯೇ ಇದೆ, ಮತ್ತು ಅದು ಅರ್ಧ ನಿಮ್ಮ ಪರವಾಗಿಯೂ ಇದೆ. ಬಿಲ್ ಮ್ಯಾಲರಿ ಅವರ ಹೆಸರನ್ನು ಇಂದು ನೆನೆಯುವವರು ಕಡಿಮೆ. ಓಹಾಯೋದ ಮಯಾಮಿ ತಂಡವನ್ನು 1973ರಲ್ಲಿ ಹನ್ನೊಂದಕ್ಕೆ ಹನ್ನೊಂದು ಗೆಲ್ಲಿಸಿದರು, 1976ರಲ್ಲಿ ಕೊಲೊರಾಡೋವನ್ನು ಬಿಗ್ ಎಯ್ಟ್ ಪಟ್ಟದಲ್ಲಿ ಪಾಲುದಾರನನ್ನಾಗಿಸಿದರು, 1983ರಲ್ಲಿ ನಾರ್ದರ್ನ್ ಇಲಿನಾಯ್‌ಗೆ ಕಾನ್ಫರೆನ್ಸ್ ಪಟ್ಟ ತಂದರು. 1984ರಲ್ಲಿ ಇಂಡಿಯಾನಾಕ್ಕೆ ಬಂದು ಮೊದಲ ವರ್ಷ ಹನ್ನೊಂದು ಪಂದ್ಯಗಳನ್ನೂ ಸೋತರು. ಮೂರು ವರ್ಷಗಳ ಬಳಿಕ, 1987ರಲ್ಲಿ, ಒಂದೇ ಸೀಸನ್ನಿನಲ್ಲಿ ಓಹಾಯೋ ಸ್ಟೇಟ್ ಮತ್ತು ಮಿಚಿಗನ್ ಎರಡನ್ನೂ ಸೋಲಿಸಿದರು. 1986ರಿಂದ 1993ರ ನಡುವೆ ಆರು ಬೌಲ್ ಪಂದ್ಯ. ನನ್ನ ಅಳತೆಗೋಲಿನ ಪ್ರಕಾರ ಇವರು ನಾಲ್ಕು ಊರುಗಳಲ್ಲಿ ಉತ್ತೀರ್ಣರಾದವರು.

1996ರಲ್ಲಿ ಅವರನ್ನು ತೆಗೆದುಹಾಕಿದ ಮೇಲೆ ಇಂಡಿಯಾನಾ 2007ರವರೆಗೆ ಒಂದೂ ಬೌಲ್ ಪಂದ್ಯ ಆಡಲಿಲ್ಲ. ಬಾಸ್ಕೆಟ್‌ಬಾಲನ್ನೇ ಉಸಿರಾಡುವ ಈ ವಿಶ್ವವಿದ್ಯಾಲಯ ಮ್ಯಾಲರಿ ಕಟ್ಟಿದ್ದನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದ ಹಣವನ್ನಾಗಲಿ ಗಮನವನ್ನಾಗಲಿ ಕೊಡಲಿಲ್ಲ. 2005ರಲ್ಲಿ ಟೆರಿ ಹೆಪ್ನರ್ ಬಂದರು, ಅವರೂ ಓಹಾಯೋದ ಮಯಾಮಿಯಲ್ಲಿ ಗೆದ್ದು ಬಂದವರು. ಸೀಸನ್ನಿನಲ್ಲಿ ಹದಿಮೂರನೆಯ ಪಂದ್ಯ ಆಡೋಣ, ಅಂದರೆ ಬೌಲ್‌ಗೆ ಹೋಗೋಣ ಎಂಬುದು ಅವರ ಘೋಷಣೆಯಾಗಿತ್ತು. 2007ರ ಜೂನ್‌ನಲ್ಲಿ ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ವರ್ಷವೇ ಅವರ ಹುಡುಗರು ಹದಿಮೂರನೆಯ ಪಂದ್ಯ ಆಡಿದರು. ಆ ಛಲವನ್ನೂ ವಿಶ್ವವಿದ್ಯಾಲಯ ಮುಂದುವರಿಸಿಕೊಂಡು ಹೋಗಲಿಲ್ಲ.

ಆದ್ದರಿಂದ ಸಂಸ್ಥೆ ಕೈಜೋಡಿಸದೆ ಕೋಚ್ ಕಟ್ಟಿದ್ದು ನಿಲ್ಲುವುದಿಲ್ಲ ಎಂಬ ನಿಮ್ಮ ಮಾತು ಸರಿ. ಆದರೆ ಸಂಸ್ಥೆಯಲ್ಲಿ ಏನೂ ಇಲ್ಲದಿದ್ದಾಗ ಮೊದಲ ಕಲ್ಲು ಇಡುವವನು ಒಬ್ಬ ಬೇಕು. ಬೋಯ್ಸಿಯ, ಜೇಮ್ಸ್ ಮ್ಯಾಡಿಸನ್‌ನ ಗೆಲುವಿನ ಅಭ್ಯಾಸ 2023ರ ಬ್ಲೂಮಿಂಗ್ಟನ್‌ನಲ್ಲಿ ಎಳ್ಳಷ್ಟೂ ಇರಲಿಲ್ಲ. ಅದನ್ನು ತಂದವರು ಸಿಗ್ನೆಟ್ಟಿ. ಈ ಬಾರಿ ವಿಶ್ವವಿದ್ಯಾಲಯ ಹಣವನ್ನೂ ಗಮನವನ್ನೂ ಕೊಟ್ಟಿದೆ, ಅವರ ಸಹಾಯಕರನ್ನು ಉಳಿಸಿಕೊಳ್ಳುವುದಕ್ಕೂ ಖರ್ಚು ಮಾಡುತ್ತಿದೆ.

ನಮ್ಮಿಬ್ಬರ ವಾದವನ್ನು ಪರೀಕ್ಷಿಸಲು ಒಂದು ಒಳ್ಳೆಯ ಅವಕಾಶವೂ ಒದಗಿದೆ. ಮೂರನೇ ದರ್ಜೆಯ ಸಾಲ್ವ್ ರೆಜೀನಾದಿಂದ ಆರಂಭಿಸಿ ಅಸಂಪ್ಷನ್, ಹೋಲಿ ಕ್ರಾಸ್, ಜೇಮ್ಸ್ ಮ್ಯಾಡಿಸನ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಚೆಸ್ನಿ ಈಗ ಲಾಸ್ ಏಂಜಲೀಸಿನ ಯುಸಿಎಲ್‌ಎಗೆ ಹೋಗಿದ್ದಾರೆ. ಜೇಮ್ಸ್ ಮ್ಯಾಡಿಸನ್‌ಗೆ ಬಂದಿರುವವರು ಬಿಲ್ಲಿ ನೇಪಿಯರ್. ಲೂಸಿಯಾನಾದ ಲಫಾಯೆಟ್‌ನಲ್ಲಿ 40 ಗೆದ್ದು 12 ಸೋತು ಹೆಸರು ಮಾಡಿ, ಫ್ಲಾರಿಡಾದಲ್ಲಿ 22 ಗೆದ್ದು 23 ಸೋತು ಕೆಲಸ ಕಳೆದುಕೊಂಡವರು. ಯುಸಿಎಲ್‌ಎ ಮೇಲೆದ್ದರೆ ಅದು ನನ್ನ ವಾದಕ್ಕೆ ಬಲ. ನೇಪಿಯರ್ ಅವರ ಕೈಯಲ್ಲಿಯೂ ಜೇಮ್ಸ್ ಮ್ಯಾಡಿಸನ್ ಗೆಲ್ಲುತ್ತಲೇ ಇದ್ದರೆ ನಿಮ್ಮ ವಾದಕ್ಕೆ ಬಲ. ಎರಡೂ ಆಗಬಹುದು. 2026ರ ಸೀಸನ್ ಮುಗಿದಾಗ ಈ ಎರಡು ತಂಡಗಳ ಲೆಕ್ಕವನ್ನು ಇಲ್ಲಿಯೇ ಬರೆಯುತ್ತೇನೆ.

ಕನ್ಸಾಸ್ ಬಯಲು:

ಒಪ್ಪಿದೆ. ಆದರೆ ಒಂದು ಸೀಸನ್ ಸಾಲದು. ಸ್ನೈಡರ್ ಅವರ ಮೊದಲ ಸೀಸನ್ನಿನಲ್ಲಿ ಗೆಲುವು ಒಂದೇ ಇತ್ತು, ಮ್ಯಾಲರಿ ಅವರ ಇಂಡಿಯಾನಾದ ಮೊದಲ ಸೀಸನ್ನಿನಲ್ಲಿ ಅದೂ ಇರಲಿಲ್ಲ. ಚೆಸ್ನಿ ಅವರಿಗೂ ನೇಪಿಯರ್ ಅವರಿಗೂ ಕನಿಷ್ಠ ಮೂರು ವರ್ಷ ಕೊಟ್ಟು ನೋಡೋಣ.